ಉಬ್ಬರದ ಗಡಿಯಾರ ನೋಡಿ ನಡೆಯುವ ದಾರಿ: ಕುಮಟಾ, ಗೋಕರ್ಣ ಮತ್ತು ಸುತ್ತಲಿನ ದ್ವೀಪಗಳು

ಕುಮಟಾದಿಂದ ಗೋಕರ್ಣಕ್ಕೆ ರಸ್ತೆಯಲ್ಲಿ ಹೋದರೆ ಒಂದು ಗಂಟೆ. ಅದನ್ನೇ ಕಡಲಂಚು ಹಿಡಿದು, ಬೆನ್ನ ಮೇಲೆ ಟೆಂಟು ಹೊತ್ತು ನಡೆದರೆ ಎರಡು ದಿನ. ಪಶ್ಚಿಮ ಘಟ್ಟದ ತೋಳುಗಳು ಉತ್ತರ ಕನ್ನಡದಲ್ಲಿ ಕಡಲಿನವರೆಗೂ ಚಾಚಿರುವುದರಿಂದ ಇಲ್ಲಿನ ತೀರ ಒಂದೇ ಸಮನೆ ಮರಳಲ್ಲ. ಸ್ವಲ್ಪ ದೂರ ಮರಳದಂಡೆ, ಆಮೇಲೆ ಕಡಲಿಗಿಳಿದ ಬಂಡೆಯ ಮೂಗು, ಮತ್ತೆ ಮರಳು, ನಡುವೆ ಒಂದು ಹೊಳೆಯ ಅಳಿವೆ. ನೋಡಲು ಚೆಂದ, ನಡೆಯಲು ಲೆಕ್ಕ ಬೇಕು.

ಘಟ್ಟದ ಮೇಲಿನಿಂದ ಬರುವ ಚಾರಣಿಗರು ಎಡವುವುದು ಈ ಲೆಕ್ಕದಲ್ಲೇ. ಕುದುರೆಮುಖದ್ದೋ ಕುಮಾರಪರ್ವತದ್ದೋ ದಾರಿಯನ್ನು ಒಮ್ಮೆ ಅಳೆದರೆ ಅದು ಯಾವ ಹೊತ್ತಿನಲ್ಲೂ ಅಷ್ಟೇ ಇರುತ್ತದೆ. ಕಡಲಂಚಿನಲ್ಲಿ ಬೆಳಿಗ್ಗೆ ಆರಕ್ಕೆ ಇದ್ದ ದಾರಿ ಹತ್ತಕ್ಕೆ ಇರುವುದಿಲ್ಲ. ಕಿಲೋಮೀಟರಿನಲ್ಲಿ ಯೋಜನೆ ಹಾಕಿ ಹೊರಟವರು ನಡುಹಗಲಲ್ಲಿ ಯಾವುದೋ ಬಂಡೆಯ ಬುಡದಲ್ಲಿ, ಮುಂದೆ ಹೋಗಲೂ ಆಗದೆ ಹಿಂದೆ ಬರಲೂ ಆಗದೆ ನಿಲ್ಲುವುದು ಈ ದಾರಿಯ ಹಳೆಯ ಕಥೆ.

ಉಬ್ಬರ ಇಳಿತದ ಲೆಕ್ಕ

ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಸೂರ್ಯ ಚಂದ್ರರ ಸೆಳೆತ ಒಂದೇ ನೇರಕ್ಕೆ ಬರುವ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಕಾರವಾರ ಕುಮಟಾದ ಕಡೆ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಒಂದೂವರೆ ಮೀಟರಿನ ಸುಮಾರು. ಇಷ್ಟೇಯೇ ಎನ್ನಿಸಬಹುದು. ಆದರೆ ಮರಳದಂಡೆಯ ಇಳಿಜಾರು ತೀರಾ ಸಣ್ಣದಾದ್ದರಿಂದ ಒಂದೂವರೆ ಮೀಟರ್ ಏರಿದ ನೀರು ದಂಡೆಯ ಮೇಲೆ ಹತ್ತಾರು ಮೀಟರ್ ಒಳಗೆ ಬರುತ್ತದೆ.

ಪಂಚಾಂಗ ನೋಡಿದರೂ ಒಂದು ಅಂದಾಜು ಸಿಗುತ್ತದೆ. ಈ ಭಾಗದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಂದು ಉಬ್ಬರ ನಡುಹಗಲು ನಡುರಾತ್ರಿಗಳ ಸನಿಹಕ್ಕೆ ಬೀಳುತ್ತದೆ, ಇಳಿತ ನಸುಕಿಗೂ ಇಳಿಹೊತ್ತಿಗೂ ಬರುತ್ತದೆ. ನಡೆಯುವವರಿಗೆ ಇದಕ್ಕಿಂತ ಅನುಕೂಲದ ದಿನಗಳಿಲ್ಲ: ತಂಪು ಹೊತ್ತಿನಲ್ಲೇ ಗಟ್ಟಿ ಮರಳು ಸಿಗುತ್ತದೆ. ಅಷ್ಟಮಿಯಂದು ಇದು ತಿರುಗುಮುರುಗು. ದಾರಿ ತೆರೆದುಕೊಳ್ಳುವುದು ಸುಡುಬಿಸಿಲಿನ ಹೊತ್ತಿಗೆ. ಆದರೆ ಹುಣ್ಣಿಮೆಯ ಅನುಕೂಲಕ್ಕೂ ಬೆಲೆಯಿದೆ. ರಾತ್ರಿಯ ಉಬ್ಬರ ಆಗ ತೀರ ಮೇಲಕ್ಕೆ ಬರುವುದರಿಂದ ಟೆಂಟಿನ ಜಾಗ ಇನ್ನಷ್ಟು ಎತ್ತರದಲ್ಲಿರಬೇಕು. ಹೊಳೆಯ ಸೆಳವೂ ಹೆಚ್ಚಿರುತ್ತದೆ. ನಿಖರವಾದ ಹೊತ್ತಿಗೆ ಕಾರವಾರ ಬಂದರಿನ ಉಬ್ಬರ ಪಟ್ಟಿಯನ್ನೇ ನೋಡಬೇಕು, ಫೋನಿನಲ್ಲೂ ಸಿಗುತ್ತದೆ. ಅದಕ್ಕಿಂತ ಸುಲಭದ ದಾರಿ ಬಲೆ ಸರಿಪಡಿಸುತ್ತ ಕೂತ ಮೀನುಗಾರರನ್ನು ಕೇಳುವುದು.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದನ್ನು ತಿಳಿದವರು ಕಡಿಮೆ. ಇಳಿತದ ಕೊನೆಯಿಂದ ಉಬ್ಬರದ ತುದಿಯವರೆಗಿನ ಆರು ಗಂಟೆಯಲ್ಲಿ ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು, ಆಮೇಲೆ ಎರಡು, ಒಂದು. ಹಡಗಿನವರ ಈ ಲೆಕ್ಕ ಸ್ಥೂಲವೇ ಆದರೂ ನಡೆಯುವವರಿಗೆ ಸಾಕು. ಮೊದಲ ಎರಡು ಗಂಟೆ ಕಡಲು ಸುಮ್ಮನಿರುವಂತೆ ತೋರುತ್ತದೆ, ಮೂರನೆಯ ಗಂಟೆಗೆ ಒಮ್ಮೆಲೇ ನುಗ್ಗುತ್ತದೆ. ಬಂಡೆಯ ಮೂಗನ್ನು ಬುಡದಿಂದ ಸುತ್ತಿ ದಾಟುವ ಕೆಲಸ ಇಳಿತಕ್ಕೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದೊಳಗೆ ಮುಗಿಯಬೇಕು. ಆ ಹೊತ್ತು ತಪ್ಪಿದರೆ ಗುಡ್ಡ ಹತ್ತಿ ಇಳಿಯುವ ಕಾಲುದಾರಿಯೇ ಗತಿ. ಹೆಚ್ಚಿನ ಕಡೆ ಅಂಥದ್ದೊಂದು ಇದ್ದೇ ಇರುತ್ತದೆ.

ಗಟ್ಟಿ ಮರಳಿನ ಮಾತು ಬಂತಲ್ಲ, ಅದೂ ಸಣ್ಣದಲ್ಲ. ಒಣ ಮರಳಿನಲ್ಲಿ ಹೆಜ್ಜೆ ಹೂತು ಹಿಂದಕ್ಕೆ ಜಾರುತ್ತದೆ. ಗಟ್ಟಿ ನೆಲದ ಮೇಲೆ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಆಗತಾನೇ ನೀರು ಇಳಿದ ಒದ್ದೆ ಮರಳಿನ ಕಣಗಳನ್ನು ಅವುಗಳ ನಡುವಿನ ತೇವವೇ ಹಿಡಿದು ನಿಲ್ಲಿಸಿರುತ್ತದೆ, ಕಾಲು ಹೂಳುವುದಿಲ್ಲ. ಇಳಿತದಲ್ಲಿ ನಡೆದವರ ಆರು ಕಿಲೋಮೀಟರೂ ಉಬ್ಬರದಲ್ಲಿ ನಡೆದವರ ಆರು ಕಿಲೋಮೀಟರೂ ಒಂದೇ ಅಲ್ಲ.

ಋತು ಮತ್ತು ಗಾಳಿ

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚಿನ ನಂತರ ಸೆಕೆ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಬಂದರಿನ ದೋಣಿಗಳೇ ದಡ ಸೇರಿದ ಕಾಲದಲ್ಲಿ ದ್ವೀಪದ ಯೋಚನೆ ಬೇಡ.

ಚಳಿಗಾಲದ ದಿನಗಳಿಗೂ ಒಂದು ಗಾಳಿಯ ಲಯವಿದೆ. ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ಅಲೆ ಕಡಿಮೆ. ಬಿಸಿಲೇರಿ ನೆಲ ಕಾದಂತೆ ಗಾಳಿ ತಿರುಗಿ ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಜೋರಾಗಿ ಬರುತ್ತದೆ, ನೀರಿನ ಮೇಲೆ ಬಿಳಿನೊರೆ ಎದ್ದಿರುತ್ತದೆ. ದ್ವೀಪಕ್ಕೆ ಹೋಗುವುದನ್ನೂ ಬರುವುದನ್ನೂ ಆ ಗಾಳಿ ಬಲಿಯುವ ಮೊದಲೇ ಮುಗಿಸುವುದು ಜಾಣತನ.

ಎರಡು ದಿನದ ದಾರಿ

ಕುಮಟಾಕ್ಕೆ ಕೊಂಕಣ ರೈಲಿದೆ. ಮರಳುವಾಗ ಗೋಕರ್ಣ ರೋಡ್ ನಿಲ್ದಾಣ. ಹೆಸರಿನಲ್ಲಿ ರೋಡ್ ಇರುವುದು ಸುಮ್ಮನೆ ಅಲ್ಲ, ಊರಿನಿಂದ ನಿಲ್ದಾಣ ದೂರ. ಹೆದ್ದಾರಿ 66 ತೀರಕ್ಕೆ ಸಮಾನಾಂತರವಾಗಿ ಸಾಗುವುದರಿಂದ ನಡುವೆ ಯಾರಿಗಾದರೂ ಸುಸ್ತಾದರೆ ಹತ್ತಿರದ ಊರಿನಿಂದ ರಿಕ್ಷಾ ಹಿಡಿದು ಹೊರಬೀಳಬಹುದು. ಹೊಸಬರಿಗೆ ಈ ದಾರಿ ಒಗ್ಗುವುದು ಇದೇ ಕಾರಣಕ್ಕೆ.

ಮೊದಲ ದಿನ ಕುಮಟಾದ ತೀರದಿಂದ ಉತ್ತರಕ್ಕೆ ಬಾಡ, ಕಾಗಾಲಗಳ ದಂಡೆ ಹಿಡಿದು ಅಘನಾಶಿನಿ ಊರಿನವರೆಗೆ ಸುಮಾರು ಹನ್ನೆರಡು ಕಿಲೋಮೀಟರ್. ನಸುಕಿಗೆ ಹೊರಟರೆ ಬಿಸಿಲು ಬಲಿಯುವ ಮುನ್ನ ಮುಕ್ಕಾಲು ಪಾಲು ಮುಗಿಯುತ್ತದೆ. ಇಲ್ಲಿ ಗಾಳಿಮರದ ತೋಪುಗಳ ನೆರಳೂ ಸಿಗುತ್ತದೆ.

ಅಘನಾಶಿನಿ ಹೊಳೆಯನ್ನು ದಾಟಬೇಕಾದದ್ದು ಅದೇ ಹೆಸರಿನ ಊರಿನಿಂದ ತದಡಿಗೆ, ದೋಣಿಯಲ್ಲಿ. ಅಣೆಕಟ್ಟು ಕಟ್ಟಿಸಿಕೊಳ್ಳದೆ ಕಡಲು ಸೇರುವ ನದಿ ಇದು. ಇದರ ಅಳಿವೆ ಪ್ರದೇಶ 2024ರಲ್ಲಿ ರಾಮ್ಸಾರ್ ಜೌಗು ತಾಣಗಳ ಪಟ್ಟಿ ಸೇರಿತು. ಇಳಿತದ ಹೊತ್ತಿಗೆ ಹೊಳೆಯ ಕೆಸರುದಿಣ್ಣೆಗಳಲ್ಲಿ ಬಳಚು ಆರಿಸುವವರು ಕಾಣುತ್ತಾರೆ, ಅವರು ನಡುಮಟ್ಟದ ನೀರಿನಲ್ಲಿ ನಿಂತಿರುವುದೂ ಕಾಣುತ್ತದೆ. ಅದನ್ನು ನೋಡಿ ನಾವೂ ನಡೆದೇ ದಾಟಬಹುದು ಎಂದುಕೊಳ್ಳಬಾರದು. ಎಲ್ಲಿ ಕೆಸರು, ಎಲ್ಲಿ ಆಳ ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತು. ತಾರಿಯ ದೋಣಿ ಇಡೀ ದಿನ ಒಂದೇ ಸಮನೆ ಓಡುವುದಿಲ್ಲ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಬೇಕು.

ಎರಡನೆಯ ದಿನ ತದಡಿಯಿಂದ ಬೆಲೆಕಾನ, ಪ್ಯಾರಡೈಸ್, ಹಾಫ್‌ಮೂನ್, ಓಂ, ಕುಡ್ಲೆ ದಾಟಿ ಗೋಕರ್ಣ. ದೂರ ಮೊದಲ ದಿನಕ್ಕಿಂತ ಕಡಿಮೆ, ಏರಿಳಿತ ಹೆಚ್ಚು. ಪ್ಯಾರಡೈಸ್‌ನಿಂದ ಓಂ ತೀರದವರೆಗಿನ ದಾರಿ ಬಂಡೆಯ ನೆತ್ತಿಯ ಮೇಲೆ ಸಾಗುತ್ತದೆ, ಕೆಲವೆಡೆ ಒಂದು ಬದಿಗೆ ಕಡಲೇ ಇರುತ್ತದೆ. ಮುರಕಲ್ಲಿನ ಮೇಲಿನ ಸಣ್ಣ ಹರಳುಗಲ್ಲು ಕಾಲಡಿಯಲ್ಲಿ ಗೋಲಿಯಂತೆ ಉರುಳುತ್ತದೆ. ಹೊರೆ ಹೊತ್ತವರು ಇಲ್ಲಿ ಸಂಜೆಗತ್ತಲಲ್ಲಿ ನಡೆಯಬಾರದು. ಸೂರ್ಯಾಸ್ತದ ಫೋಟೋ ಮುಗಿಸಿ ಹೊರಡುವವರು ಸಿಕ್ಕಿಬೀಳುವುದೂ ಇಲ್ಲೇ.

ಹೊರೆ ಮತ್ತು ನೀರು

ಎರಡು ಮೂರು ದಿನಕ್ಕೆ ಹೊರೆ ಹತ್ತು ಹನ್ನೆರಡು ಕಿಲೋ ದಾಟಬಾರದು. ಇದರಲ್ಲಿ ಕಡಿಮೆ ಮಾಡಲಾಗದ್ದು ನೀರು. ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಒಬ್ಬರಿಗೆ ದಿನಕ್ಕೆ ನಾಲ್ಕರಿಂದ ಐದು ಲೀಟರ್ ಬೇಕು, ಎಂದರೆ ಅಷ್ಟೇ ಕಿಲೋ ಭಾರ. ಸದ್ಯ ಊರುಗಳು ಹತ್ತಿರ ಹತ್ತಿರವಿರುವುದರಿಂದ ಎರಡು ಮೂರು ಲೀಟರ್ ಹಿಡಿಯುವ ಬಾಟಲಿಗಳಿದ್ದು ದಾರಿಯಲ್ಲಿ ತುಂಬಿಸಿಕೊಂಡರೆ ನಡೆಯುತ್ತದೆ. ತೀರಕ್ಕೆ ತೀರ ಹತ್ತಿರದ ಬಾವಿಗಳ ನೀರು ಉಪ್ಪಾಗಿರಬಹುದು, ಆದ್ದರಿಂದ ಕುಡಿಯುವ ಬಾವಿ ಯಾವುದು ಎಂದು ಕೇಳಿಯೇ ಸೇದಬೇಕು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು; ಉಪ್ಪು ಸಕ್ಕರೆ ಹಾಕಿದ ಲಿಂಬೆ ಶರಬತ್ತು, ಗಂಜಿ ತಿಳಿ, ಮಜ್ಜಿಗೆ, ಯಾವುದಾದರೂ ಸರಿ.

ಶೂಗಿಂತ ಪಟ್ಟಿಯಿರುವ ಸ್ಯಾಂಡಲ್ ಮೇಲು. ಶೂಗೆ ಸೇರಿದ ಒದ್ದೆ ಮರಳು ಅರ್ಧ ದಿನದಲ್ಲಿ ಹಿಮ್ಮಡಿ ಸುಲಿಯುತ್ತದೆ. ಬಂಡೆ ದಾಟುವಾಗ ಮಾತ್ರ ಬರಿಗಾಲು ಬೇಡ, ಕಲ್ಲಿಗಂಟಿದ ಚಿಪ್ಪುಗಳು ಬ್ಲೇಡಿನಂತಿರುತ್ತವೆ.

ಮರಳಿನಲ್ಲಿ ಟೆಂಟ್ ನಿಲ್ಲಿಸುವ ಬಗೆ

ಟೆಂಟಿನ ಜೊತೆ ಬರುವ ಗೂಟಗಳು ಮಣ್ಣಿಗಾಗಿ ಮಾಡಿದವು. ಮಣ್ಣಿನ ಕಣಗಳು ಗೂಟವನ್ನು ಬಿಗಿಯಾಗಿ ಕಚ್ಚುತ್ತವೆ, ಒಣ ಮರಳಿಗೆ ಆ ಹಿಡಿತವಿಲ್ಲ. ಗೂಟದ ಬದಲು ಅಗಲವಾದ ವಸ್ತುವೊಂದನ್ನು ಅಡ್ಡ ಹೂತರೆ ಅದನ್ನು ಎಳೆಯಲು ಮೇಲಿನ ಮರಳಿನ ಪೂರ್ತಿ ಭಾರವನ್ನೇ ಎತ್ತಬೇಕಾಗುತ್ತದೆ. ಮರಳಿನಲ್ಲಿ ಟೆಂಟನ್ನು ಹಿಡಿದು ನಿಲ್ಲಿಸುವುದು ಆ ಭಾರ.

1. ಮೊದಲು ಅನುಮತಿ. ಸಾರ್ವಜನಿಕ ತೀರದಲ್ಲಿ ಹೇಳದೆ ಕೇಳದೆ ಟೆಂಟ್ ಹಾಕಿದರೆ ನಡುರಾತ್ರಿ ಎಬ್ಬಿಸಿ ಕಳಿಸುವ ಸಂಭವವಿದೆ. ಪಂಚಾಯಿತಿ ಅಥವಾ ಪೊಲೀಸ್ ಠಾಣೆಯಲ್ಲಿ ವಿಚಾರಿಸಬೇಕು. ಗಾಳಿಮರದ ತೋಪು ಅರಣ್ಯ ಇಲಾಖೆಯದಾಗಿದ್ದರೆ ಅಲ್ಲಿ. ತೀರದ ಮನೆಯವರನ್ನು ಕೇಳಿ ಅವರ ಹಿತ್ತಿಲಲ್ಲಿ ಬಾಡಿಗೆ ಕೊಟ್ಟು ಉಳಿಯುವುದು ಎಲ್ಲಕ್ಕಿಂತ ನಿಶ್ಚಿಂತೆ. ನೀರು, ಶೌಚ, ಬೆಳಿಗ್ಗೆಯ ಗಂಜಿ, ಮೂರೂ ಒಂದೇ ಕಡೆ ಸಿಗುತ್ತವೆ.

2. ಹಿಂದಿನ ಉಬ್ಬರ ತಂದು ಬಿಟ್ಟ ಕಸದ ಗೆರೆ ದಂಡೆಯ ಮೇಲೆ ಕಾಣುತ್ತದೆ: ಒಣಗಿದ ಪಾಚಿ, ಚಿಪ್ಪು, ಕಡ್ಡಿ. ಅಂಥ ಗೆರೆ ಎರಡು ಮೂರಿದ್ದರೆ ಎಲ್ಲಕ್ಕಿಂತ ಮೇಲಿನದನ್ನೇ ಲೆಕ್ಕಕ್ಕೆ ಹಿಡಿದು, ಅದಕ್ಕಿಂತಲೂ ಸಾಕಷ್ಟು ಮೇಲೆ, ಬಳ್ಳಿ ಹಬ್ಬಿದ ನೆಲದ ಆಚೆಗೆ ಜಾಗ ಆರಿಸಬೇಕು. ಬಳ್ಳಿ ಬೆಳೆದಿದೆ ಎಂದರೆ ಉಪ್ಪುನೀರು ಅಲ್ಲಿಗೆ ಬಹಳ ದಿನದಿಂದ ಬಂದಿಲ್ಲ ಎಂದರ್ಥ.

3. ತೆಂಗಿನ ಮರದ ಕೆಳಗೆ ಟೆಂಟ್ ಬೇಡ. ಕಾಯಿ ಮಾತ್ರವಲ್ಲ, ಒಣಗಿದ ಮಡಲು ಬಿದ್ದರೂ ಟೆಂಟ್ ಉಳಿಯುವುದಿಲ್ಲ.

4. ನಾಲ್ಕು ಚೀಲಗಳಿಗೆ ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಮೊಣಕಾಲಿನಷ್ಟು ಆಳದ ಗುಂಡಿಯಲ್ಲಿ ಹೂತು ಮೇಲೆ ಒದ್ದೆ ಮರಳು ತುಳಿದು ಬಿಗಿ ಮಾಡಬೇಕು. ಬಟ್ಟೆಯ ಚೀಲವಾದರೆ ವಾಪಸ್ ತರಲೂ ಸುಲಭ. ಮುರಕಲ್ಲಿನ ಹಾಸಿನ ಮೇಲೆ ಗೂಟವೇ ಇಳಿಯುವುದಿಲ್ಲ, ಅಲ್ಲಿ ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಬೇಕು.

5. ಟೆಂಟಿನ ಕಿರಿದಾದ ಬದಿ ಕಡಲಿನತ್ತ ಇರಲಿ, ಗಾಳಿಗಂಡಿಗಳು ತೆರೆದೇ ಇರಲಿ. ಮುಚ್ಚಿ ಮಲಗಿದರೆ ಉಸಿರಿನ ತೇವವೇ ಬಟ್ಟೆಯ ಒಳಮೈಗೆ ಕಟ್ಟಿ ಬೆಳಗಿನ ಜಾವ ಮುಖದ ಮೇಲೆ ಹನಿಯುತ್ತದೆ. ಟೆಂಟ್ ಸೋರುತ್ತಿದೆ ಎಂದು ಅಂಗಡಿಯವರನ್ನು ಬೈಯುವವರಲ್ಲಿ ಅರ್ಧದಷ್ಟು ಜನ ಬೈಯಬೇಕಾದದ್ದು ತಮ್ಮನ್ನೇ.

6. ಬೆಂಕಿ ಹಾಕದಿದ್ದರೆ ಒಳ್ಳೆಯದು. ಗಾಳಿಮರದ ಒಣ ಎಲೆ ಬೇಗ ಹತ್ತಿಕೊಳ್ಳುತ್ತದೆ. ಬೆಂಕಿ ಆರಿತೆಂದು ಮರಳು ಮುಚ್ಚಿ ಬಿಟ್ಟರೆ ಕೆಳಗಿನ ಕೆಂಡ ಗಂಟೆಗಟ್ಟಲೆ ಜೀವಂತವಾಗಿದ್ದು ಬೆಳಿಗ್ಗೆ ಬರಿಗಾಲಲ್ಲಿ ಬರುವ ಮೀನುಗಾರರ ಕಾಲು ಸುಡುತ್ತದೆ. ಹಾಕಲೇಬೇಕಾದರೆ ನೀರು ಸುರಿದು ಆರಿಸಬೇಕು.

ಇದೇ ಚಳಿಗಾಲ ಕಡಲಾಮೆಗಳು ಮೊಟ್ಟೆಯಿಡಲು ದಂಡೆಗೆ ಬರುವ ಕಾಲವೂ ಹೌದು. ಹೊನ್ನಾವರದ ಕಾಸರಕೋಡು ಸುತ್ತಮುತ್ತ ಅರಣ್ಯ ಇಲಾಖೆ ಬೇಲಿ ಕಟ್ಟಿ ಗೂಡುಗಳನ್ನು ಕಾಯುತ್ತದೆ. ಮೊಟ್ಟೆಯೊಡೆದ ಮರಿಗಳು ಬೆಳಕಿರುವ ಕಡೆಯೇ ಕಡಲೆಂದು ನಂಬಿ ಹರಿಯುತ್ತವೆ. ದಂಡೆಯಲ್ಲಿ ದೊಡ್ಡ ದೀಪ ಹಚ್ಚಿದರೆ ಊರಿನತ್ತ ಹೋಗಿ ಸಾಯುತ್ತವೆ. ತೀರದಲ್ಲಿ ಓಡಾಡಲು ಮಂದವಾದ ಕೆಂಪು ದೀಪ ಸಾಕು.

ದ್ವೀಪಗಳು: ಎಲ್ಲಿ ಇಳಿಯಬಹುದು, ಎಲ್ಲಿ ಬೇಡ

ದ್ವೀಪದಲ್ಲಿ ಒಂದು ರಾತ್ರಿ ಎಂಬ ಕನಸು ಹಿಡಿದು ಬರುವವರಿಗೆ ಈ ತೀರ ನಿರಾಸೆ ಮಾಡುತ್ತದೆ. ಇಲ್ಲಿನ ದ್ವೀಪಗಳಲ್ಲಿ ಹೆಚ್ಚಿನವು ಹಗಲು ನೋಡಿ ಬರುವಂಥವು.

ಹೊನ್ನಾವರದ ಉತ್ತರಕ್ಕೆ ಪಾವಿನಕುರ್ವೆಯ ಎದುರಿಗಿರುವ ಬಸವರಾಜದುರ್ಗ ಕೆಳದಿಯ ಕಾಲದ ಕೋಟೆ ಇರುವ ದ್ವೀಪ. ಇಳಿಯುವ ಕಟ್ಟೆ ಇಲ್ಲ, ಅಲೆ ತಗ್ಗಿದ ಹೊತ್ತು ನೋಡಿ ಬಂಡೆಗೆ ಹಾರಬೇಕು. ಅಲೆ ಹೆಚ್ಚಿದ್ದು ದೋಣಿಯವರು ಬೇಡ ಎಂದರೆ ಹೆಚ್ಚು ಹಣದ ಆಸೆ ತೋರಿಸಬಾರದು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಗೆ ಹೋಗುವುದು ನೀರೊಳಗಿನ ಹವಳ, ಮೀನು ನೋಡಲು. ಕಡಿದಾದ ದ್ವೀಪದ ಮೇಲೆ ಇಳಿಯುವುದು ಆ ಪ್ರವಾಸದ ಭಾಗವಲ್ಲ. ಕಾರವಾರದ ಎದುರಿನ ಅಂಜದೀವ ನೌಕಾಪಡೆಯ ಸುಪರ್ದಿಯಲ್ಲಿದೆ, ಅದನ್ನು ದೂರದಿಂದ ನೋಡಿದರಾಯಿತು. ಅದೇ ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಗೆ ಜನವರಿಯಲ್ಲಿ ನೂರಾರು ದೋಣಿಗಳು ಹೋಗುತ್ತವೆ. 2019ರ ಜನವರಿಯಲ್ಲಿ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ದೋಣಿ ಹತ್ತುವ ಮೊದಲು ಜನ ಎಣಿಸುವುದು, ಜೀವರಕ್ಷಕ ಅಂಗಿ ಎಣಿಸುವುದು, ಎರಡೂ ತಾಳೆಯಾಗದಿದ್ದರೆ ಇಳಿದುಬಿಡುವುದು: ಇದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಇನ್ನೂ ದಕ್ಷಿಣಕ್ಕೆ ಹೋಗುವವರಿಗೆ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪವಿದೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಹರಿದ ಲಾವಾ ಆರುತ್ತ ಕುಗ್ಗಿ ಬಿರಿದು ಕಂಬ ಕಂಬವಾಗಿ ನಿಂತ ಕಲ್ಲುಗಳು ಅಲ್ಲಿನ ವಿಶೇಷ. ರಾತ್ರಿ ಉಳಿಯುವಂತಿಲ್ಲ, ಮಳೆಗಾಲದಲ್ಲಿ ದೋಣಿ ಇಲ್ಲ.

ರಾತ್ರಿ ಉಳಿಯಲೇಬೇಕು ಎನ್ನುವವರು ಕಡಲಿನ ದ್ವೀಪ ಬಿಟ್ಟು ಹೊಳೆಯ ಕುರ್ವೆಗಳತ್ತ ನೋಡಬಹುದು. ಶರಾವತಿಯ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆಗಳಂಥವು ಜನವಸತಿಯ ನದೀದ್ವೀಪಗಳು. ತೆಂಗು, ಗದ್ದೆ, ಸುತ್ತ ಹಿನ್ನೀರು. ಮನೆಯವರ ಒಪ್ಪಿಗೆ ಸಿಕ್ಕರೆ ಅಂಗಳದಲ್ಲೇ ಟೆಂಟ್. ಕಡಲಿನ ದ್ವೀಪದ ಫೋಟೋಕ್ಕೆ ಇದು ಸಮವಲ್ಲದಿರಬಹುದು, ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ.

ನೀರಿಗಿಳಿಯುವಾಗ

ದಂಡೆಗೆ ಬಂದ ಅಲೆಯ ನೀರು ಹಿಂದಿರುಗಲು ತಗ್ಗಿರುವ ಕಡೆ ಕಿರಿದಾದ ದಾರಿ ಮಾಡಿಕೊಂಡು ರಭಸದಿಂದ ಕಡಲಿಗೆ ಹರಿಯುತ್ತದೆ. ಆ ಸೆಳವಿರುವ ಕಡೆ ಅಲೆ ಒಡೆಯುವುದು ಕಡಿಮೆ, ಹಾಗಾಗಿ ಅಕ್ಕಪಕ್ಕದ ನೊರೆಯ ನಡುವೆ ಅದೇ ಶಾಂತವಾದ ಜಾಗದಂತೆ ಕಾಣುತ್ತದೆ. ಈಜು ಬಾರದವರು ಇಳಿಯುವುದೂ ಅಲ್ಲೇ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಸೆಳವಿಗೆ ಸಿಕ್ಕವರು ದಡದತ್ತ ನೇರ ಈಜಿದರೆ ಸೋಲುವುದು ಖಂಡಿತ. ತೇಲುತ್ತ ಕೈ ಎತ್ತಿ ಕೂಗಬೇಕು, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಬದಿಗೆ ಈಜಿ ಆ ಕಿರಿದಾದ ಹರಿವಿನಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ಅಳಿವೆಯ ಬಾಯಲ್ಲಂತೂ ಈಜುವುದೇ ಬೇಡ. ಇಳಿತದ ಹೊಳೆನೀರು ಎದುರು ಬರುವ ಅಲೆಗೆ ಬಡಿದು ಅಲ್ಲಿ ನೀರು ಎತ್ತೆತ್ತಲೋ ಏಳುತ್ತದೆ.

ಆಳವಿಲ್ಲದ ನೀರಿನಲ್ಲಿ ನಡೆಯುವಾಗ ಕಾಲೆತ್ತಿ ಇಡದೆ ಮರಳಿನಲ್ಲಿ ಎಳೆಯುತ್ತ ಸಾಗಿದರೆ ಹುದುಗಿರುವ ತೊರಕೆ ಮೀನು ಸರಿದು ಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ ತಡೆಯಲಾಗುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟರೆ ನೋವು ತಗ್ಗುತ್ತದೆ; ನಂತರ ಆಸ್ಪತ್ರೆ. ಕಡಲಲ್ಲಿ ಅವಘಡವಾದರೆ ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ಕೋಸ್ಟ್ ಗಾರ್ಡ್ 1554, ಉಳಿದ ತುರ್ತಿಗೆ 112.

ಪದೇ ಪದೇ ಆಗುವ ತಪ್ಪುಗಳು

ವಾರಾಂತ್ಯ ನೋಡಿ ದಿನ ಗೊತ್ತು ಮಾಡುವುದು ಮೊದಲನೆಯದು. ತಿಥಿ ನೋಡಿ ಗೊತ್ತು ಮಾಡಿದರೆ ಅರ್ಧ ಕಷ್ಟ ಕಡಿಮೆ. ಸಂಜೆ ನೀರು ಇಳಿದಿರುವಾಗ ಅಗಲವಾಗಿ ಕಾಣುವ ದಂಡೆಯ ನಡುವೆ ಟೆಂಟ್ ಹಾಕಿ ನಡುರಾತ್ರಿ ಎದ್ದು ಓಡುವುದು ಎರಡನೆಯದು. ಹಳ್ಳ ಕಡಲು ಸೇರುವ ಕಡೆ ಬೆಳಿಗ್ಗೆ ಪಾದ ಮುಳುಗುವಷ್ಟೇ ನೀರಿದ್ದದ್ದನ್ನು ನಂಬಿ, ಮಧ್ಯಾಹ್ನ ಅದೇ ದಾರಿಯಲ್ಲಿ ಮರಳಬಹುದು ಎಂದುಕೊಳ್ಳುವುದೂ ಇದೇ ಜಾತಿಯದು. ದ್ವೀಪವನ್ನು ಕೊನೆಯ ದಿನಕ್ಕಿಟ್ಟು ಅದೇ ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸುವವರೂ ಇದ್ದಾರೆ. ಗಾಳಿ ಎದ್ದು ದೋಣಿ ತಡವಾದರೆ ರೈಲೂ ಇಲ್ಲ, ಬುದ್ಧಿಯೂ ಇಲ್ಲ. ಅವಸರಕ್ಕೆ ಬಿದ್ದು ಹೊರಡಬಾರದ ಹೊತ್ತಿಗೆ ಹೊರಡಿಸಲು ದೋಣಿಯವರನ್ನು ಪೀಡಿಸುತ್ತಾರೆ. ದ್ವೀಪ ಯಾವಾಗಲೂ ನಡುವಿನ ದಿನಕ್ಕಿರಲಿ, ಒಂದು ದಿನ ಕೈಯಲ್ಲಿ ಉಳಿದಿರಲಿ.

ಮನೆ ಸೇರಿದ ಮೇಲಿನ ಉದಾಸೀನ ಕೊನೆಯದು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುವುದರಿಂದ ಚೀಲದಲ್ಲಿ ಮಡಚಿಟ್ಟ ಟೆಂಟ್ ಒಣಗುವುದೇ ಇಲ್ಲ, ಜಿಪ್ಪು ಕಚ್ಚಿಕೊಳ್ಳುತ್ತದೆ, ಲೋಹದ ಕೊಂಡಿಗಳಿಗೆ ತುಕ್ಕು ಹತ್ತುತ್ತದೆ. ಟೆಂಟ್, ಚೀಲದ ಪಟ್ಟಿ, ಸ್ಟೌ, ಸ್ಯಾಂಡಲ್ ಎಲ್ಲವನ್ನೂ ಸಿಹಿನೀರಿನಲ್ಲಿ ಎರಡು ಸಲ ಜಾಲಿಸಿ, ಜಿಪ್ಪಿನ ಹಲ್ಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಪೂರ್ತಿ ಆರಿಸಿ ಮಡಚಬೇಕು.